ಹೊಂಡದ ಮೊದಲ ಬಟ್ಟಲು

ನಮ್ಮ ಚೋರ್‌ತೂತ್ ಊರಿನ ಜನರನ್ನು ನೆನೆದರೆ ನನಗೆ ಈಗಲೂ ಮೈಯುರಿಯುತ್ತದೆ. ಆ ಜನರಲ್ಲಿ ನಾನೂ ಒಬ್ಬ. ಹಾಗಾಗಿ ಸ್ವಲ್ಪ ಹೆಚ್ಚೇ ಉರಿಯುತ್ತದೆ. ಆದರೆ ಈಗ ಹೇಳಹೊರಟಿರುವುದು ಹಮ್ರೋಳ ಕತೆ. ಹಮ್ರೋ ನನ್ನ ಚಿಕ್ಕಪ್ಪನ ಮಗಳು, ಇಪ್ಪತ್ತು ವರ್ಷದಿಂದ ಊರಿನ ಮೀರಾಬ್. ಯಾರ ಹೊಲಕ್ಕೆ ಯಾವ ಹೊತ್ತಿಗೆ ಎಷ್ಟು ನೀರು ಎಂದು ತೀರ್ಮಾನ ಮಾಡುವುದು ಅವಳು. ಹಳೆಯ ಮೀರಾಬ್ ಸಾಯುವ ಮುಂಚೆ ತನ್ನ ಗುದ್ದಲಿಯನ್ನು ಎಷ್ಟೋ ಗಂಡಸರ ಮುಂದೆ ಚಾಚಿದ. ಅಕ್ಕಪಕ್ಕದವರ ಬೈಗುಳ ತಿನ್ನುವ ಕೆಲಸ ಯಾರಿಗೆ ಬೇಕು? ಹಮ್ರೋ ಕೈ ಚಾಚಿ ತೆಗೆದುಕೊಂಡಳು.

ಗುಡ್ಡದಿಂದ ಇಳಿಯುವ ತೊರೆಯ ನೀರು ಕಾಲುವೆಯಲ್ಲಿ ಬಂದು ಊರ ನಡುವಿನ ಹೊಂಡಕ್ಕೆ ಬೀಳುತ್ತದೆ. ಅರವತ್ತು ಮನೆ ಕುಡಿಯುವುದು ಅದನ್ನೇ. ನಾನು ಚಿಕ್ಕವನಿದ್ದಾಗ ತಳದಲ್ಲಿ ಬಿದ್ದ ಸೂಜಿ ಮೇಲಿನಿಂದ ಕಾಣುತ್ತಿತ್ತು. ಆಗ ಗುಡ್ಡದ ತುಂಬ ಪಿಸ್ತಾ ಮರಗಳಿದ್ದವು.

ಅಂತರ್ಯುದ್ಧದ ಚಳಿಗಾಲದಲ್ಲಿ ಹಮ್ರೋಳ ಗಂಡ ಹಿಟ್ಟು ತರಲು ಹೋದವನು ಮರಳಿ ಬರಲಿಲ್ಲ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಒಂದು ಬೆಳಿಗ್ಗೆ ಹಮ್ರೋ ನನ್ನ ಅಂಗಳಕ್ಕೆ ಬಂದು ನಿಂತಳು. ಸಾಮೂಹಿಕ ಬೇಸಾಯದ ಕಾಲದ ಸರಪಳಿ ಟ್ರ್ಯಾಕ್ಟರ್ ಒಂದು ನನ್ನ ವಶದಲ್ಲಿ ಉಳಿದಿತ್ತು.

"ಸಂಗಿನಣ್ಣಾ, ಪಿಸ್ತಾಗುಡ್ಡಕ್ಕೆ ನಿನ್ ಗಾಡಿ ಹತ್ತುತ್ತಾ?"

"ಹತ್ತುತ್ತೆ. ಮರಗಳನ್ನ ಏನ್ ಮಾಡ್ತೀಯ?"

"ನಾನ್ ಕಡೀತೀನಿ. ಮಕ್ಕಳು ಹಳೇ ಪಿಸ್ತಾ ಸಿಪ್ಪೆ ನೆಕ್ಕೊಂಡು ಕೂತಿವೆ ಕಣಣ್ಣಾ."

ಅವಳು ಕಡಿದಳು, ನಾನು ಉತ್ತೆ. ಇಳಿಜಾರಿಗೆ ಅಡ್ಡಲಾಗಿ ಉಳಬೇಕು ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅಡ್ಡ ಹೋದರೆ ಟ್ರ್ಯಾಕ್ಟರ್ ಮಗುಚುತ್ತದೆ. ನನ್ನ ಗುರು ರಜಬ್ ಹಾಗೇ ಸತ್ತ. ಅದಕ್ಕೇ ನಮ್ಮ ಕಡೆಯ ಚಾಲಕರೆಲ್ಲ ತುದಿಯಿಂದ ಬುಡಕ್ಕೆ ನೆಟ್ಟಗೆ ಉಳುತ್ತಾರೆ. ಒಂದೊಂದು ಸಾಲೂ ಮಳೆ ನೀರಿಗೆ ತೋಡಿಕೊಟ್ಟ ಕಾಲುವೆ.

ಆ ವರ್ಷ ಗೋಧಿ ಎದೆಮಟ್ಟ ಬಂತು. ಅದನ್ನು ನೋಡಿ ಊರಿಗೆ ಊರೇ ಕೊಡಲಿ ಹಿಡಿದು ಗುಡ್ಡ ಹತ್ತಿತು. ಮೂರು ಚಳಿಗಾಲ ಕಳೆಯುವಷ್ಟರಲ್ಲಿ ಕತ್ತೆ ಕಟ್ಟಲು ಗುಡ್ಡದಲ್ಲಿ ಒಂದು ಮರವೂ ಉಳಿಯಲಿಲ್ಲ. ಹಸಿದವರು ಮಾಡಿದ್ದು, ಇರಲಿ. ಹಸಿವು ಮುಗಿದ ಮೇಲೂ ಮಾಡಿದ್ದಕ್ಕೆ ಏನು ಹೇಳೋಣ? ನಮ್ಮದು ಹಳದಿ ಹುಡಿಮಣ್ಣು, ಬೇರು ಹೋದರೆ ಸಕ್ಕರೆಯ ಹಾಗೆ ಕರಗುತ್ತದೆ. ಹತ್ತನೆಯ ವರ್ಷಕ್ಕೆ ನನ್ನ ನೇಗಿಲ ಸಾಲುಗಳು ಆಳುದ್ದದ ಕೊರಕಲುಗಳಾಗಿದ್ದವು. ಹೊಂಡದ ನೀರು ಒಂಟೆಯ ಬಣ್ಣಕ್ಕೆ ತಿರುಗಿತ್ತು. ಕೊಡ ತುಂಬಿಟ್ಟರೆ ಬೆಳಿಗ್ಗೆ ತಳದಲ್ಲಿ ನಾಲ್ಕು ಬೆರಳು ಕೆಸರು.

"ಮೊದಲ ಕೊಡಲಿ ಏಟು ನಂದು," ಎಂದು ಹಮ್ರೋ ಯಾರ ಮುಂದಾದರೂ ಹೇಳುತ್ತಿದ್ದಳು. ನಮ್ಮೂರಲ್ಲಿ ಹಾಗೆ ಹೇಳಿಕೊಂಡವಳು ಅವಳೊಬ್ಬಳೇ. ಗುಡ್ಡದಲ್ಲಿ ತನ್ನ ಪಾಲಿನ ಪಟ್ಟಿ ನೆಲದಲ್ಲಿ ಉಳುವುದು ನಿಲ್ಲಿಸಿದಳು. ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಬದು ಕಟ್ಟಿದಳು, ಬಾದಾಮಿ ನೆಟ್ಟಳು, ನಡುವೆ ಮೇವಿಗೆ ಕುದುರೆಮೆಂತೆ ಬಿತ್ತಿದಳು.

"ಹಮ್ರೋ ಈ ಸಲ ಕಲ್ಲು ಬಿತ್ತವ್ಳೆ, ಫಸಲು ಬಂದ್ರೆ ನಮಗೂ ಎರಡು ಕಲ್ಲು ಕೊಡು ಮಾರಾಯ್ತಿ!" ಎಂದು ಗಂಡಸರು ನಗುತ್ತಿದ್ದರು.

ಮಳೆ ನಿಂತ ಮೇಲೆ ಬುಡದಲ್ಲಿ ನಿಂತು ನೋಡಿದರೆ ಕುರುಡನಿಗೂ ತಿಳಿಯುತ್ತಿತ್ತು. ಅವಳ ಪಟ್ಟಿಯಿಂದ ಇಳಿಯುವ ನೀರಲ್ಲಿ ಕಲ್ಲು ಎಣಿಸಬಹುದು. ಪಕ್ಕದ್ದರಿಂದ ಬರುವುದು ಗಂಜಿ. ನಾವೆಲ್ಲ ನೋಡಿದೆವು. ನೋಡಿ, ಮನೆಗೆ ಹೋಗಿ ಉಂಡು ಮಲಗಿದೆವು.

ಗುಡ್ಡದ ನೆತ್ತಿಯ ದೊಡ್ಡ ಭಾಗ ಉಲ್ಫತ್ ರಯೀಸನ ಕೈಗೆ ಬಂತು. ರಯೀಸ ಎಂದರೆ ಊರಿನ ಯಜಮಾನ. ಮಣ್ಣು ಸವೆದು ಎಲುಬು ಕಾಣುತ್ತಿದ್ದ ಇಳಿಜಾರಿನಲ್ಲಿ ಪ್ರತಿ ವಸಂತ ಕಡಲೆ ಬಿತ್ತಿಸುತ್ತಿದ್ದ. ಬೆಳೆ ಸೊರಗಿದಷ್ಟೂ ಗೊಬ್ಬರದ ಚೀಲ ಹೆಚ್ಚು ಸುರಿಸುತ್ತಿದ್ದ. ತೊರೆಯ ಬಾಯಿಯಲ್ಲೇ ಕುರಿದೊಡ್ಡಿ ಕಟ್ಟಿದ್ದ. ಉಳುತ್ತಿದ್ದವನು ನಾನೇ.

ಇನ್ನು ನಮ್ಮ ಹಶರ್. ವಸಂತದ ಹೊಸವರ್ಷ ನೌರೋಜಿಗೆ ಮುಂಚೆ ಒಂದು ದಿನ ಮನೆಗೊಬ್ಬರಂತೆ ಸೇರಿ ಕಾಲುವೆ, ಹೊಂಡಗಳ ಹೂಳು ತೆಗೆಯುತ್ತೇವೆ. ತೊಡೆಮಟ್ಟ ಕೆಸರು, ಕುರಿ ಹಿಕ್ಕೆಯ ನಾತ, ಒಂದು ವರ್ಷವಂತೂ ಕೊಳೆತ ಕುರಿಮರಿಯೇ ಸನಿಕೆಗೆ ಸಿಕ್ಕಿತು. ಆ ಕೆಸರು ಉಲ್ಫತನ ಹೊಲ ಕಣ್ರೀ! ಅವನ ಹೊಲ ಹರಿದು ಬಂದು ನಮ್ಮ ಕುಡಿಯುವ ನೀರಿನಲ್ಲಿ ಕೂತಿರುತ್ತಿತ್ತು. ಅದನ್ನು ನಾವು ಬೆವರು ಸುರಿಸಿ ಎತ್ತಿ ಹಾಕುವುದು, ಅವನು ಒಂದು ಕುರಿ ಕಡಿದು ಪಲಾವು ಮಾಡಿಸುವುದು. ಹಿರಿಯ ನಜ್ಮಿದ್ದೀನಜ್ಜ ಕೈಯೆತ್ತಿ, "ರಯೀಸಪ್ಪನ ಕೈ ದೊಡ್ಡದಾಗ್ಲಿ," ಎಂದು ಹರಸುವುದು. ಗದ್ದದ ಮೇಲೆ ಕೊಬ್ಬು ಇಳಿಸಿಕೊಂಡು ನಾವೆಲ್ಲ ಆಮೀನ್ ಅನ್ನುವುದು. ಥೂ.

ಊಟಕ್ಕೆ ಮುಂಚೆ ನಮ್ಮೂರಲ್ಲಿ ಒಂದು ಪದ್ಧತಿ ಇದೆ. ಹೂಳು ತೆಗೆದ ಹೊಂಡಕ್ಕೆ ಮೊದಲು ಬಿಟ್ಟ ನೀರನ್ನು ಒಂದು ಬಟ್ಟಲಲ್ಲಿ ತುಂಬಿ, ಹಿರಿಯರಿಂದ ಶುರುಮಾಡಿ ದುಡಿದವರೆಲ್ಲ ಒಂದೊಂದು ಗುಟುಕು ಕುಡಿಯಬೇಕು. ಆಮೇಲೆಯೇ ಪಲಾವು, ಹಾರೈಕೆ ಎಲ್ಲ. ಎಂಟೊಂಬತ್ತು ವರ್ಷಗಳಿಂದ ಆ ಬಟ್ಟಲು ತುಂಬುತ್ತಿದ್ದದ್ದು ಉಲ್ಫತನ ಕಾರಿನಲ್ಲಿ ಬರುವ ಬಾಟಲಿ ನೀರಿನಿಂದ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ.

ಹೋದ ವರ್ಷ ಚಳಿಗಾಲದ ಕೊನೆಯಲ್ಲಿ ಆರು ಮನೆಗಳ ಮಕ್ಕಳಿಗೆ ರಕ್ತಭೇದಿ ಹಿಡಿಯಿತು. ಹಮ್ರೋಳ ಮೊಮ್ಮಗಳು ನಿಗೀನಾ ಎರಡು ವಾರ ಪೇಟೆಯ ಆಸ್ಪತ್ರೆಯಲ್ಲಿದ್ದು ಕಡ್ಡಿಯಾಗಿ ಬಂದಳು. ಹಶರಿನ ದಿನ ಬೆಳಿಗ್ಗೆ ಎಲ್ಲರೂ ಸೇರಿದಾಗ ಹಮ್ರೋ ಗುದ್ದಲಿ ನೆಟ್ಟು ನಿಂತಳು.

"ಈ ಸಲ ಬಟ್ಟಲು ನಾನು ತುಂಬ್ತೀನಿ. ಹೊಂಡದ ನೀರೇ. ನೀವೆಲ್ಲ ಕುಡಿದ್ರೆ ಗುಡ್ಡದ ಮಾತು ಇನ್ನು ಸಾಯೋವರೆಗೂ ಎತ್ತಲ್ಲ. ಒಬ್ಬ 'ಆಗಲ್ಲ' ಅಂದ್ರೂ ಈ ವರ್ಷದಿಂದ ನೆತ್ತಿಗೆ ನೇಗಿಲು ಹಾಕೋ ಹಾಗಿಲ್ಲ, ಹುಲ್ಲಿಗೆ ಬಿಡ್ಬೇಕು. ಏನಂತೀಯ ಉಲ್ಫತ್?"

ಊರ ನೀರು ಕುಡಿಯೋಕಾಗಲ್ಲ ಎಂದು ಅಷ್ಟು ಜನರ ಮುಂದೆ ರಯೀಸ ಹೇಗೆ ಹೇಳುತ್ತಾನೆ? ಗಡ್ಡ ಸವರಿಕೊಂಡು ನಕ್ಕ.

"ನಮ್ ತಾತ ಮುತ್ತಾತ ಕುಡಿದ ನೀರು ಅಕ್ಕಾ, ನಾವ್ ಕುಡಿಯಲ್ವಾ? ಗಡ್ಡದ ಆಣೆ, ಒಬ್ಬ ಆಗಲ್ಲ ಅಂದ್ರೂ ಸೋಮವಾರ ಉಳೋಕೆ ಹೋಗ್ಬೇಕಾದ ಸಂಗಿನನ ಟ್ರ್ಯಾಕ್ಟರ್ ಮನೇಲೇ ಇರುತ್ತೆ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸನಿಕೆಯ ಹಿಡಿ ನೋಡುತ್ತಿದ್ದೆ.

ಹಿಂದಿನ ದಿನವಷ್ಟೇ ಮಳೆಯಾಗಿತ್ತು. ಮಧ್ಯಾಹ್ನ ಕಾಲುವೆಯ ತೂಬು ತೆಗೆದಾಗ ನೀರು ಬಂತು. ಹಳದಿ ನೊರೆ, ಮೇಲೆ ತೇಲುವ ಹಿಕ್ಕೆ. ಹಮ್ರೋ ಅಂಚಿನವರೆಗೆ ಬಟ್ಟಲು ತುಂಬಿ ನಜ್ಮಿದ್ದೀನಜ್ಜನ ಕೈಗೆ ಕೊಟ್ಟಳು. ಅಜ್ಜ ಬಿಸ್ಮಿಲ್ಲಾ ಎಂದು ಬಟ್ಟಲನ್ನು ಮೀಸೆಗೆ ತಗುಲಿಸಿ ತೆಗೆದ. ನಾಲಿಗೆ ಚಪ್ಪರಿಸಿ, "ಜೇನು ಕಣಮ್ಮಾ, ಜೇನು," ಎಂದ. ಮುಂದಿನವನು ಉಲ್ಫತ್. ತಲೆ ಹಿಂದಕ್ಕೆ ಹಾಕಿ ಖಾಲಿ ಗಂಟಲನ್ನೇ ಗುಟುಕು ಗುಟುಕಾಗಿ ಆಡಿಸಿದ. ದಾರಿ ಸಿಕ್ಕಿತು ನೋಡಿ! ಅಲ್ಲಿಂದ ಬಟ್ಟಲು ಓಡಿತು. ಆಸ್ಪತ್ರೆಗೆ ಮಗುವನ್ನು ಹೊತ್ತುಕೊಂಡು ಹೋದ ಅಪ್ಪಂದಿರೂ ಮುಟ್ಟಿಸಿ ಮುಟ್ಟಿಸಿ ದಾಟಿಸಿದರು. ಒಬ್ಬನಂತೂ ತೋಳಿನಿಂದ ಬಾಯಿ ಒರೆಸಿಕೊಂಡ, ಕುಡಿದವನ ಹಾಗೆ.

ನನ್ನ ಸರದಿ ಬರುವಷ್ಟರಲ್ಲಿ ನಾನು ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. 'ನನ್ನ ಕೈಲಾಗಲ್ಲ' ಎಂದರೆ ಮುಗಿಯಿತು. ಬಟ್ಟಲು ಮೂಗಿನ ಹತ್ತಿರ ಬಂದಾಗ ಕುರಿದೊಡ್ಡಿಯ ನಾತ ಹೊಡೆಯಿತು. ಅದೇ ಹೊತ್ತಿಗೆ ಹಿಂದೆ ಯಾರೋ ಕಡಾಯಿಯ ಮುಚ್ಚಳ ತೆಗೆದರು, ಕ್ಯಾರೆಟ್ಟು ಮಾಂಸದ ಘಮ ಬಂತು. ಸುತ್ತಲಿನ ಕಣ್ಣುಗಳೆಲ್ಲ 'ಬೇಗ ಮುಗಿಸೋ' ಎನ್ನುತ್ತಿದ್ದವು. ಅಂಚಿಗೆ ತುಟಿ ಸೋಕಿಸಿ ಪಕ್ಕದವನಿಗೆ ಕೊಟ್ಟೆ.

ಬಟ್ಟಲು ಸುತ್ತು ಮುಗಿಸಿ ಹಮ್ರೋಳ ಕೈಗೆ ಬಂತು. ಅವಳು ಅದರೊಳಗೆ ನೋಡಿದಳು.

"ಅರವತ್ತು ಜನ ಕುಡಿದ್ರಿ. ತುಂಬಿದ್ದು ತುಂಬಿದ ಹಾಗೇ ಇದೆಯಲ್ರಪ್ಪಾ?"

"ಬರಕತ್ತು ತಾಯಿ," ಎಂದ ನಜ್ಮಿದ್ದೀನಜ್ಜ, ಆಗಲೇ ಪಲಾವಿನ ಕಡೆ ತಿರುಗಿ. "ದೇವರ ಬರಕತ್ತು ಇದ್ರೆ ಬಟ್ಟಲು ಬರಿದಾಗಲ್ಲ."

ಜನ ಕಿಸಕ್ಕೆಂದರು. ಈ ಮಾತಿಗೆ ನಕ್ಕ ಬಾಯಿಗಳನ್ನು ಅದೇ ಹೂಳಿಗೆ ತುರುಕಬೇಕು ಅನ್ನಿಸಿತು. ಹಮ್ರೋ ನಗಲಿಲ್ಲ, ಬೈಯಲೂ ಇಲ್ಲ. ಸಾಲು ದಾಟಿ ನೇರ ನನ್ನ ಮುಂದೆ ಬಂದು ನಿಂತಳು.

"ಸಂಗಿನಣ್ಣಾ, ಮೊದಲ್ನೇ ಸಲ ಗುಡ್ಡ ಹತ್ತಿದ್ದು ನಾವಿಬ್ರೇ. ಬೇರೆಯವ್ರ ಮಾತು ಬಿಡು. ನೀನ್ ಕುಡಿದ್ಯಾ?"

"ಕುಡಿದೆ," ಎಂದೆ.

"ಸರಿ ಹಾಗಾದ್ರೆ," ಎಂದು ಬಟ್ಟಲನ್ನು ಹೊಂಡದ ಪಕ್ಕದ ಮಲ್ಬರಿ ಮರದ ಬುಡಕ್ಕೆ ಚೆಲ್ಲಿ ಮನೆಗೆ ಹೋದಳು. ನಾವು ಪಲಾವು ತಿಂದೆವು. ನಾನು ಎರಡನೆಯ ಸಲವೂ ಹಾಕಿಸಿಕೊಂಡೆ.

ಸೋಮವಾರ ನೆತ್ತಿಯಿಂದ ಬುಡದವರೆಗೆ ಉತ್ತೆ. ಹಮ್ರೋ ತನ್ನ ಬಾದಾಮಿ ಗಿಡಗಳ ನಡುವೆ ಕಳೆ ಕೀಳುತ್ತಿದ್ದಳು. ಅಂದಿನಿಂದ ಇಂದಿನವರೆಗೂ ಗುಡ್ಡದ ಸುದ್ದಿ ಅವಳ ಬಾಯಲ್ಲಿ ಬಂದಿಲ್ಲ. ಅಷ್ಟು ಜನರಲ್ಲಿ ಮಾತು ಉಳಿಸಿಕೊಂಡವಳು ಅವಳು.

ಎರಡು ವಾರದ ಮೇಲೆ ಜೋರು ಮಳೆ ಬಂತು. ಮರುದಿನ ನನ್ನ ಹಿತ್ತಲಿಗೆ ನೀರಿನ ಪಾಳಿ. ಬೇಲಿಯಾಚೆಯಿಂದ ಹಮ್ರೋಳ ದನಿ ಕೇಳಿತು. "ಅಣ್ಣಾ, ನಿನ್ ಪಾಳಿ ಶುರುವಾಯ್ತು. ಮಧ್ಯಾಹ್ನದ ನಮಾಜಿನವರೆಗೆ ನಿಂದೇ." ಒಂದು ಗಳಿಗೆಯೂ ಕಡಿಮೆ ಮಾಡಲಿಲ್ಲ, ಒಂದು ಕೊಂಕು ಆಡಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನು ಗುದ್ದಲಿ ಹಿಡಿದು ಹೋಗಿ ಹಿತ್ತಲ ಕಡೆಯ ಒಡ್ಡು ಬಿಚ್ಚಿದೆ. ಕಾಲುವೆಯಲ್ಲಿ ನಾನು ಉತ್ತ ಮಣ್ಣು ಬರುತ್ತಿತ್ತು, ಉಲ್ಫತನ ಕಡಲೆಯ ಮೊಳಕೆ ಸಮೇತ.