ಕಿವಿಯ ಹತ್ತಿರ ಹಿಡಿದ ಉಣ್ಣೆ

ಮೊನ್ನೆ ಉರ್ವದ ಬ್ಯೂಟಿ ಪಾರ್ಲರಿನಲ್ಲಿ ಮಗಳ ಕೂದಲು ನೇರ ಮಾಡುತ್ತಿದ್ದಾಗ ಬಿಸಿ ಇಕ್ಕಳದಿಂದ ಸುಟ್ಟ ವಾಸನೆ ಬಂತು. ಅಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಂಡರು. ನನಗೆ ಹಾಗೆ ಮಾಡಬೇಕೆನಿಸಲಿಲ್ಲ. ಬಂದರಿನ ನಮ್ಮ ಹಳೆಯ ಮನೆಯ ಜಗಲಿ, ಅದರ ತುಂಬ ಹರಡಿದ ಕಪ್ಪು ಉಣ್ಣೆ, ನಡುವೆ ಕಾಲು ಚಾಚಿ ಕೂತ ದೊಡ್ಡಮ್ಮ ಕಣ್ಣೆದುರು ಬಂದರು. ನಮ್ಮದು ಮೀನುಗಾರರ ಮನೆ. ದೊಡ್ಡಪ್ಪ ಹೋದ ದೋಣಿ ವಾಪಸು ಬಾರದ ಮೇಲೆ ದೊಡ್ಡಮ್ಮ ಬಲೆ ಹೆಣೆಯುವುದನ್ನು ಬಿಟ್ಟು, ಎದುರಿನ ಗೋದಾಮಿಗೆ ಘಟ್ಟದ ಮೇಲಿನಿಂದ ಬರುತ್ತಿದ್ದ ಉಣ್ಣೆಯನ್ನು ತಂದು ವಿಂಗಡಿಸತೊಡಗಿದ್ದರು. ಗಟ್ಟಿ ಎಳೆಯದ್ದು ಕಂಬಳಿಗೆ, ತುಂಡಾಗುವಂಥದ್ದು ಹಾಸಿಗೆಗೆ ತುಂಬಲು. ಅವರು ಅತ್ತದ್ದನ್ನು ನಾನು ನೋಡಿಲ್ಲ. ಬಂಗುಡೆ ಸಾರಿನಲ್ಲಿ ಒಂದೆರಡು ಎಳೆ ತೇಲಿದರೆ ನಾವು ಸುಮ್ಮನೆ ತೆಗೆದಿಟ್ಟು ಉಣ್ಣುತ್ತಿದ್ದೆವು.

ಒಂದು ವರ್ಷ ಮಳೆ ಬಿಟ್ಟ ಮೇಲೆ ಮಲ್ಲಪ್ಪ ಎಂಬ ಕುರಿಗಾರ ಮೂಟೆಯೊಂದಿಗೆ ತಾನೇ ಘಟ್ಟ ಇಳಿದು ಬಂದ. ಬೇಸಗೆಯಲ್ಲಿ ಗುಡ್ಡದ ಹುಲ್ಲಿಗೆ ಬೆಂಕಿ ಬಿದ್ದು ಅವನ ಅರ್ಧ ಮಂದೆ ಹೋಗಿತ್ತು. ಇದು ಉಳಿದ ಕರಿ ಕುರಿಗಳ ಉಣ್ಣೆ. "ಗಟ್ಟಿ ಇದ್ದದ್ದು ನನಗ ಬೇರೆ ಮಾಡಿಕೊಡ್ರಿ ಅಕ್ಕಾರ, ಉಳಿದದ್ದು ಗೋದಾಮಿಗಿರಲಿ. ಮಗಳ ಮದುವಿ ಐತಿ. ಕಂಬಳಿ ಹಾಸಿ ಗಂಡು ಹೆಣ್ಣನ್ನ ಕೂಡಿಸಬೇಕು," ಎಂದ.

"ನಿಮ್ಮ ಊರಲ್ಲಿ ಬೇರೆ ಕಂಬಳಿ ಇಲ್ವಾ ಮಾರಾಯ್ರೆ?" ಎಂದು ದೊಡ್ಡಮ್ಮ ಕೇಳಿದರು.

"ಅದಾವ್ರಿ. ನಮ್ಮ ಕುರೀವಲ್ಲ."

ದೊಡ್ಡಮ್ಮ ಮೂಟೆ ಬಿಚ್ಚಿದರು; ಮೊನ್ನೆ ಪಾರ್ಲರಿನಲ್ಲಿ ಬಂದಂಥದೇ ಸುಟ್ಟ ವಾಸನೆ ಜಗಲಿ ತುಂಬಿತು. ಅಲ್ಲಿಯವರೆಗೆ ಅವರ ಕೈಗೆ ಬಂದದ್ದು ಬಿಳಿ ಉಣ್ಣೆಯೇ ಹೆಚ್ಚು. ತುದಿ ಕೆಂಚಗಾದದ್ದನ್ನೆಲ್ಲ ಸುಟ್ಟದ್ದೆಂದು ಬದಿಗೆ ಎಸೆಯುತ್ತ ಹೋದರು. ಮಲ್ಲಪ್ಪ ಸ್ವಲ್ಪ ಹೊತ್ತು ನೋಡಿ, "ಅದು ಬೆಂಕಿ ಅಲ್ರಿ, ಬಿಸಿಲು. ಕರಿ ಕುರಿ ಬಿಸಿಲಿಗೆ ಹಂಗಾಗತೈತಿ," ಎಂದ. "ನನಗೆಂತ ಗೊತ್ತು? ಮೀನಾದರೆ ಕಿವಿರು ನೋಡಿ ಹೇಳ್ತಿದ್ದೆ," ಎಂದು ದೊಡ್ಡಮ್ಮ ಎಸೆದದ್ದನ್ನು ಮತ್ತೆ ಎಳೆದುಕೊಂಡರು. ನಿಜವಾಗಿ ಸುಟ್ಟದ್ದು ಬೆರಳಿನಲ್ಲಿ ಹಿಸುಕಿದರೆ ಪುಡಿಯಾಗುತ್ತಿತ್ತು. ಪುಡಿಯಾಗದ್ದರಲ್ಲಿ, ಹಿಂದೆ ಬಲೆಯ ನೂಲು ಪರೀಕ್ಷಿಸುತ್ತಿದ್ದ ಹಾಗೆಯೇ, ಒಂದೊಂದು ಕುಚ್ಚನ್ನು ಎರಡೂ ತುದಿ ಹಿಡಿದು, ಕಿವಿಯ ಹತ್ತಿರ ತಂದು ಜಗ್ಗುತ್ತಿದ್ದರು. ಗಟ್ಟಿಯಾದದ್ದು ತಂತಿಯ ಹಾಗೆ ಸಣ್ಣಗೆ ಮಿಡಿಯುತ್ತಿತ್ತು. ಉಳಿದದ್ದು ಒಣಹುಲ್ಲು ಮುರಿದಂತೆ ಚಿಟಿಚಿಟಿ ಎಂದು ಎರಡಾಗುತ್ತಿತ್ತು. ಆ ಹೊತ್ತಿನಲ್ಲಿ ಜಗಲಿಯಲ್ಲಿ ಯಾರೂ ಮಾತಾಡುವಂತಿರಲಿಲ್ಲ.

ಉರಿ ತಾಗದ ಕುರಿಗಳ ಉಣ್ಣೆಯೂ ತುಂಡಾಗುತ್ತಿತ್ತು, ಎಲ್ಲವೂ ನಡುವಿನಲ್ಲಿ, ಒಂದೇ ಜಾಗದಲ್ಲಿ. ದೊಡ್ಡಮ್ಮ ಅದನ್ನು ತೋರಿಸಿದಾಗ ಮಲ್ಲಪ್ಪ, "ಬೆಂಕಿ ಬಿದ್ದ ಮ್ಯಾಲೆ ಅವು ಮೇಯಲೇ ಇಲ್ರಿ. ನಿಂತಲ್ಲೇ ನಿಂತಿದ್ದವು," ಎಂದ. ಆ ದಿನಗಳಲ್ಲಿ ಬೆಳೆದ ಉಣ್ಣೆಗೆ ಬಲ ಬಂದಿರಲಿಲ್ಲ. ದೊಡ್ಡಮ್ಮ ತುಂಡಾದ ಕುಚ್ಚನ್ನು ಮಡಿಲಲ್ಲಿಟ್ಟುಕೊಂಡರು. "ಹೌದು, ಹಾಗೆ ಆಗ್ತದೆ," ಎಂದರು.

ಸಂಜೆಗೆ ಹಾಸಿಗೆಯ ರಾಶಿ ಕಿಟಕಿಯ ಎತ್ತರಕ್ಕೆ ಬಂದಿತ್ತು. ಗಟ್ಟಿ ಉಣ್ಣೆ ಒಂದು ಬುಟ್ಟಿಯನ್ನೂ ತುಂಬಲಿಲ್ಲ. ಮಲ್ಲಪ್ಪ ಅದನ್ನು ಕೈಯಲ್ಲಿ ಎತ್ತಿ ನೋಡಿ, "ಇಬ್ಬರು ಕೂಡಾಕ ಆದೀತೇನ್ರಿ?" ಎಂದು ಕೇಳಿದ.

"ಒತ್ತಿ ಕೂತ್ರೆ ಆದೀತು," ಎಂದರು ದೊಡ್ಡಮ್ಮ. "ಮದುಮಕ್ಕಳಲ್ವಾ."

ಅವನು ನಕ್ಕ. ಅವರು ನಗಲಿಲ್ಲ. ಬುಟ್ಟಿಯ ಉಣ್ಣೆಯನ್ನು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಕೊಟ್ಟರು.

ಮರುವರ್ಷ ಅವನು ಬರಲಿಲ್ಲ; ಇದ್ದ ಕುರಿಗಳನ್ನೂ ಮಾರಿದ್ದನಂತೆ. ಉಣ್ಣೆ ತಂದ ಅವನ ಊರಿನವನನ್ನು ದೊಡ್ಡಮ್ಮ ತಾವಾಗಿಯೇ ವಿಚಾರಿಸಿದರು. ದೊಡ್ಡಪ್ಪ ಹೋದ ಮೇಲೆ ಅವರು ತಾವಾಗಿ ಯಾರ ಸುದ್ದಿಯನ್ನೂ ಕೇಳಿದವರಲ್ಲ. "ಮದುವಿ ಆತ್ರಿ," ಎಂದ ಅವನು. "ಕಂಬಳಿ ಸಣ್ಣದಾತು. ಹುಡುಗೀನ ಪೂರಾ ಕೂಡಿಸಿ, ಹುಡುಗ ಅರ್ಧ ನೆಲದ ಮ್ಯಾಲೆ ಕೂತಿದ್ದ."

"ಹುಡುಗಿಗೆ ಸಾಕಾಯ್ತಲ್ಲ," ಎಂದರು ದೊಡ್ಡಮ್ಮ. ಆಮೇಲೆ ಎದ್ದು ಒಳಗೆ ಹೋಗಿ, ಅವನು ಕೇಳದಿದ್ದರೂ, ಎಲೆ ಹಾಕಿ ಊಟ ಬಡಿಸಿದರು.

ಆ ಗೋದಾಮು, ಆ ಮನೆ, ದೊಡ್ಡಮ್ಮ, ಯಾವುದೂ ಈಗಿಲ್ಲ. ಆ ದಿನ ಅವನ ಎಲೆಯ ಮುಂದೆ ಕೂತು, ಇನ್ನೂ ಸ್ವಲ್ಪ ಬಡಿಸಲೇ ಎಂದು ಕೇಳುತ್ತಿದ್ದ ಅವರ ದನಿ ಮಾತ್ರ ನನಗೆ ನೆನಪಿದೆ. ನಮ್ಮ ಮನೆಯಲ್ಲಿ ಆ ದನಿ ಕೇಳದೆ ಬಹಳ ಕಾಲವಾಗಿತ್ತು.