ಗೋಧಿಕಾಳಿನಷ್ಟು ದೀಪ

ಅತ್ತೆಯನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಕಾಜಕ್ಕ ಎಂದು. ಅಂಗಿ ಹರಿದರೂ ಅವರು ಹಾಕಿದ ಗುಂಡಿಕಾಜ ಹರಿಯದು ಎಂಬ ಮಾತಿತ್ತು. ಹೊಲಿಗೆ ಮಷೀನಿನ ಪಕ್ಕದಲ್ಲೇ ಮಾವ ಬದುಕಿದ್ದಾಗ ತಂದಿಟ್ಟ ಹಳೆಯ ಸ್ಟೀರಿಯೊ. ಅದರ ಮುಂಭಾಗದಲ್ಲೊಂದು ಪುಟ್ಟ ಕಿತ್ತಳೆ ದೀಪ. ದೀಪ ಉರಿಯುತ್ತಿದೆ ಎಂದರೆ ಕಾಜಕ್ಕ ಹಾಡು ಕೇಳುತ್ತಿದ್ದಾರೆ, ಅಳತೆ ಕೊಡಲು ಬಂದವರು ಬಾಗಿಲಲ್ಲೇ ಕಾಯಬೇಕು.

ಬರಬರುತ್ತಾ ಅವರ ಕಿವಿ ಮಂದವಾಯಿತು. ಒಪ್ಪಿಕೊಂಡರೆ ತಾನೆ! "ನಿಂದು ಗೊಣಗೋ ಬಾಯಿ, ಬಿಡಿಸಿ ಮಾತಾಡು," ಎಂದು ಸೊಸೆಯನ್ನೇ ಬೈದರು. ದೀಪ ನೋಡಿಕೊಂಡು, ಹಾಡು ಕೇಳಿಸಿದವರಂತೆ ತಲೆದೂಗುತ್ತಿದ್ದರು. ಸೊಸೆ ಏನೂ ಅರಿಯದವಳಂತೆ ಮಗುವಿಗೆ ತುತ್ತಿಡುತ್ತಿದ್ದಳು.

ಒಂದು ಬೆಳಿಗ್ಗೆ ದೀಪ ಆರಿತು.

"ಸತ್ತೋಯ್ತು ಕಣೇ ಇದು," ಎಂದ ಅತ್ತೆ, ತುಂಡುಬಟ್ಟೆಯಲ್ಲಿ ಗವಸು ಹೊಲಿದು ಸ್ಟೀರಿಯೊ ಪೆಟ್ಟಿಗೆಗೆ ಹೊದಿಸಿ, ಒಳಗೆ ಹೋಗಿ ಮಲಗಿಬಿಟ್ಟರು. ಗವಸಿನೊಳಗೆ ಪೆಟ್ಟಿಗೆ ಹಾಡುತ್ತಲೇ ಇತ್ತು.

ಸೊಸೆಯ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. 'ಹಾಡ್ತಿದೆ ಅತ್ತೆ' ಎಂದರೆ 'ನಿಮಗೆ ಕೇಳಿಸ್ತಿಲ್ಲ' ಎಂದಂತೆಯೇ. ಸದ್ದಿಲ್ಲದೆ ಸ್ವಿಚ್ ಆರಿಸಿದಳು. ಅಂದಿನಿಂದ ಅತ್ತೆ ಮಷೀನಿನ ಹತ್ತಿರವೂ ಸುಳಿಯಲಿಲ್ಲ. ಕಾಜವಿಲ್ಲದ ಅಂಗಿಗಳು ರಾಶಿ ಬಿದ್ದವು.

ಅವರಿಗೆ ನಿದ್ದೆ ಹತ್ತಿದ ಹೊತ್ತು ನೋಡಿ, ಸೊಸೆ ಮಗುವಿನ ತಳ್ಳುಗಾಡಿಯಲ್ಲಿ ಪೆಟ್ಟಿಗೆಯನ್ನು ಕೂರಿಸಿ, ಮಗುವನ್ನು ಸೊಂಟಕ್ಕೇರಿಸಿ ಹೊರಟಳು. ಮೊದಲ ಅಂಗಡಿಯವನು ಆರಿದ ದೀಪದ ಬದಲಿಗೆ ಕಣ್ಣು ಕುಕ್ಕುವ ನೀಲಿ ಎಲ್‌ಇಡಿ ತೋರಿಸಿದ. ಬೇಡವೆಂದಳು. ಎರಡನೆಯವನು ಹೊಸ ಸ್ಟೀರಿಯೊ ತೋರಿಸಿದ. ಕೊನೆಗೆ ಸಿಕ್ಕ ರೇಡಿಯೊ ರಿಪೇರಿಯವನು ಪ್ಲಗ್ ಚುಚ್ಚಿ ನೋಡಿದ.

"ಚೆನ್ನಾಗೇ ಹಾಡ್ತಿದೆಯಲ್ಲಮ್ಮ! ಹಾಡಿಗೆ ದೀಪ ಹಿಡಿದು ಏನು ನೋಡ್ತೀರಿ?" ಎಂದು ನಕ್ಕ.

"ಹಾಡನ್ನೇ," ಎಂದಳು. "ನಮ್ಮತ್ತೆಗೆ ಈಗ ಅದು ಕಣ್ಣಿಗಷ್ಟೇ."

ಅವನು ನಗು ನಿಲ್ಲಿಸಿದ. ಬಿಚ್ಚಿಟ್ಟ ಹಳೆ ರೇಡಿಯೊಗಳ ಡಬ್ಬಿ ತಡಕಿ, ಅದೇ ವೋಲ್ಟಿನ, ಗೋಧಿಕಾಳಿನಷ್ಟು ಬಲ್ಬು ಹೆಕ್ಕಿ ಬೆಸುಗೆ ಹಾಕಿದ. ಕಿತ್ತಳೆ ಗಾಜಿನ ಹಿಂದೆ ಬೆಳಕು ಮೂಡಿತು. ಮಗು ಬೆರಳು ಚಾಚಿತು.

ಮನೆಯಲ್ಲಿ ಪೆಟ್ಟಿಗೆಯನ್ನು ಅದರ ಜಾಗಕ್ಕಿಟ್ಟು, ಹಾಡು ಹಚ್ಚಿ, ಅತ್ತೆಯ ಭುಜ ಮುಟ್ಟಿ ಕರೆತಂದಳು. ಅತ್ತೆ ದೀಪ ನೋಡಿದರು. ಪೆಟ್ಟಿಗೆಯ ಮೇಲೆ ಅಂಗೈ ಊರಿದರು.

"ಆವತ್ತೂ ಬೆಚ್ಚಗಿತ್ತು ಕಣೇ, ಗವಸು ಹೊದಿಸುವಾಗ. ಜೀವ ಇದೆ ಅಂತ ಗೊತ್ತಾಯ್ತು. ಹೋಗಿದ್ದು ನನ್ನ ಕಿವಿ ಅನ್ನೋಕೆ ಬಾಯಿ ಬರ್ಲಿಲ್ಲ." ಸೊಸೆಯತ್ತ ತಿರುಗಿದರು. "ನೀನೂ ಕಳ್ಳಿನೇ. ಸುಮ್ನೆ ಸ್ವಿಚ್ ಆರಿಸಿದ್ಯಲ್ಲ, ಮಲಗಿದಲ್ಲಿಂದ್ಲೇ ನೋಡ್ದೆ."

ಸೊಸೆ ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಅಳೋದು ಆಮೇಲೆ. ಈಗ ಯಾವ ಹಾಡು ಬರ್ತಿದೆ, ಹೇಳು."

ಅವಳ ಕಂಠಕ್ಕೆ ಕತ್ತೆಯೂ ನಾಚಬೇಕು. ಆದರೂ ಅತ್ತೆಯ ಕಿವಿಗೆ ಬಾಯಿ ಹಚ್ಚಿ ಗಟ್ಟಿಯಾಗಿ ಹಾಡಿದಳು. ಮಗು ಬೆಚ್ಚಿಬಿದ್ದು ಕಿಲಕಿಲ ನಕ್ಕಿತು.

"ಅಯ್ಯೋ, ಕಿವಿ ಹೋಗಿದ್ದೇ ಪುಣ್ಯ!" ಎಂದು ಅತ್ತೆ ರಾಶಿಯಿಂದ ಒಂದು ಅಂಗಿ ಎಳೆದುಕೊಂಡು, ದೀಪದ ಎದುರಿಗೆ ಸೂಜಿ ಹಿಡಿದು ದಾರ ಪೋಣಿಸಿದರು. "ನಿಲ್ಲಿಸಬೇಡ. ಚರಣ ಹೇಳು."