ದನದ ಡಾಕ್ಟರ್ ಹೇಳಿದ ಕಾರಣ

ದೇವದುರ್ಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ದನದ ಡಾಕ್ಟರ್ ಇದ್ದರು. ಏನು ಕೇಳಿದರೂ ಕನ್ನಡಕ ಒರೆಸಿಕೊಂಡು "ನೋಡೋಣ್ರೀ" ಎನ್ನುತ್ತಿದ್ದರು. ಎಪ್ಪತ್ತೆಂಟನೇ ಇಸವಿಯಲ್ಲಿ ನನ್ನ ಕೂಸು ತೀರಿಕೊಂಡ ಮೇಲೆ ನಾನು ಶಾಲೆಯ ಕೆಲಸಕ್ಕೂ ಹೋಗದೆ, ಊಟ ಸೇರದೆ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ. ಬಂದವರೆಲ್ಲ ಧೈರ್ಯ ಹೇಳಿ ಹೋದರು. ಅವರೊಬ್ಬರು ಮಾತ್ರ ದಿನಾ ಸಂಜೆ ಬಾಗಿಲ ಬಳಿ ಸುಮ್ಮನೆ ಕೂರುತ್ತಿದ್ದರು.

"ನನಗ್ಯಾಕ ಹಿಂಗ ಆಗ್ಯದ್ರೀ?" ಎಂದು ಒಂದು ದಿನ ಕೇಳಿದೆ.

ಅವರು ಕನ್ನಡಕ ಒರೆಸಿಕೊಂಡರು. "ಪೆಟ್ಟಾದ ಕುರಿ ಮೇವು ಬಿಟ್ಟು ಮೂಲ್ಯಾಗ ಮಲಗ್ತದ. ಅದು ಮೈಗಳ್ಳತನ ಅಲ್ರೀ, ಇದ್ದ ಶಕ್ತಿನೆಲ್ಲ ಗಾಯಕ್ಕ ಕೊಡಾಕತ್ತಿರ್ತದ. ಮನುಷ್ಯರು ಕಾಡಿನ್ಯಾಗ ಇದ್ದ ಕಾಲದಿಂದ ನಮ್ಮ ಮನಸ್ಸಿಗೂ ಅದೇ ರೂಢಿ ಬಂದಿರಬೇಕು."

"ಹಂಗಾದ್ರ ಮಲಗೇ ಇರ್ಲೇನ್ರಿ?"

ಈ ಸಲ ಅವರು ಕನ್ನಡಕಕ್ಕೆ ಕೈ ಹಾಕಲಿಲ್ಲ. "ಕುರಿ ವಾರಕ್ಕ ಏಳ್ತದ. ನಿಮಗ ಎರಡು ತಿಂಗಳಾತು. ನಾಳೆ ರಾಯಚೂರಿಗೆ ಹೋಗೋಣ, ಮನುಷ್ಯರ ಡಾಕ್ಟರ್ ಹತ್ರ."

ನನ್ನನ್ನೂ ನನ್ನ ಗಂಡನನ್ನೂ ಅವರೇ ಬಸ್ಸಿನಲ್ಲಿ ಕರೆದೊಯ್ದರು. ಗುಳಿಗೆ ನುಂಗುತ್ತ ಮಾನ್ವಿಯ ತವರಿನಲ್ಲಿ ಚಳಿಗಾಲ ಕಳೆದೆ. ಒಂದು ಬೆಳಿಗ್ಗೆ ನಿಜವಾಗಿಯೂ ಹಸಿವಾಯಿತು. ಅದನ್ನು ಹೇಳಬೇಕೆಂದೇ ದೇವದುರ್ಗಕ್ಕೆ ಮರಳಿದರೆ ಅವರಿಗೆ ವರ್ಗವಾಗಿತ್ತು. ಎಲ್ಲಿಗೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಖಾಲಿ ಮನೆಗೆ ಸುಣ್ಣ ಬಳಿಯುತ್ತಿದ್ದವನಿಗೆ ಹೇಳಿದೆ:

"ಡಾಕ್ಟರ್ ಬಂದ್ರ ಹೇಳಪ್ಪಾ, ನಾ ಊಟ ಮಾಡಾಕತ್ತೀನಿ ಅಂತ."